ಲೋಕಲ್ ತಪ್ಪಿದರೆ ತಪ್ಪಲಿ, ಜೀವ ಇರಲಿ

ಮುಂಬಯಿಯ ಕನ್ನಡ ಬಂಧುಗಳೇ,

ಮಳೆಗಾಲದಲ್ಲಿ ಕುರ್ಲಾ, ಸಾಯನ್ ಹಳಿಗಳ ಮೇಲೆ ನೀರು. ಭಾನುವಾರ ಮೆಗಾಬ್ಲಾಕ್. ಮಿಕ್ಕ ದಿನ ಸಿಗ್ನಲ್ ತೊಂದರೆ. ಲೋಕಲ್ ತಡವಾಗುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕೆ ನಮ್ಮ ದೇಹ ಏಕೆ ದಂಡ ತೆರಬೇಕು?

ಗಾಡಿ ಹಿಡಿಯುವ ಅವಸರದಲ್ಲಿ ತಿಂಡಿ ಬಿಡುತ್ತೇವೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ. ಮೂತ್ರದ ಸೋಂಕಿಗೆ ಇದೇ ದಾರಿ. ಕೊನೆಗೆ ಬಾಗಿಲಲ್ಲಿ ನೇತಾಡುತ್ತೇವೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಹಾಗೆ ನೇತಾಡುತ್ತಿದ್ದ ಕೆಲವರು ಬಿದ್ದು ಪ್ರಾಣ ಕಳೆದುಕೊಂಡರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಲೇಟ್ ಮಾರ್ಕ್‌ಗಿಂತ ಜೀವ ದೊಡ್ಡದು.

✅ ಆಫೀಸಿನಲ್ಲಿ ಒಂದು ಗಂಟೆ ಹಿಂದೆ ಮುಂದೆ ಬರಲು, ಜೋರು ಮಳೆಯ ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿ. ಹೋಟೆಲು, ಅಂಗಡಿ, ಆಸ್ಪತ್ರೆಯವರು ಪಾಳಿ ಬದಲಿಸಿಕೊಳ್ಳಲು ಸಾಧ್ಯವೇ ನೋಡಿ.

✅ ಇನ್ನೊಂದು ದಾರಿ ತಿಳಿದಿರಲಿ. ಘಾಟ್‌ಕೋಪರ್‌ನಿಂದ ಮುಂದೆ ಲೋಕಲ್ ನಿಂತರೆ ಅಲ್ಲೇ ಇಳಿದು ಮೆಟ್ರೊದಲ್ಲಿ ಮರೋಳ್ ನಾಕಾ, ಅಲ್ಲಿಂದ ಇನ್ನೊಂದು ಮೆಟ್ರೊದಲ್ಲಿ ಸಿಎಸ್‌ಎಂಟಿ ತಲುಪಬಹುದು. ಖರ್ಚು ಹೆಚ್ಚು, ನಿಜ. ತಿಂಗಳಿಗೆ ನಾಲ್ಕು ದಿನದ್ದನ್ನು ಔಷಧಿ ಖರ್ಚಿನಂತೆ ಮೊದಲೇ ತೆಗೆದಿಡಿ.

✅ ಚೀಲದಲ್ಲಿ ನೀರು, ಎರಡು ಚಪಾತಿ ಇರಲಿ.

✅ ಮನೆಯವರು "ಎಲ್ಲಿದ್ದೀರಿ?" ಎಂದು ಪದೇ ಪದೇ ಫೋನ್ ಮಾಡಬೇಡಿ. ಬಾಗಿಲ ಬಳಿ ನಿಂತವರ ಒಂದು ಕೈ ಅದಕ್ಕೇ ಹೋಗುತ್ತದೆ.

ತಡವಾದರೆ ಸಾಹೇಬರು ಬೈಯಬಹುದು, ಅಷ್ಟೇ. ಮನೆಗೆ ಬೇಕಾದದ್ದು ಸಂಜೆ ನೀವು ಕ್ಷೇಮವಾಗಿ ಬರುವುದು. ನಿಮ್ಮ ಮನೆಯಲ್ಲಿ ಲೋಕಲ್ ಹಿಡಿಯುವವರಿಗೆ ಇದನ್ನು ಓದಿಸಿ. 🙏