ನಮ್ಮ ಲೆಕ್ಕ ಮೊದಲು ನಮಗೆ ತಿಳಿಯಲಿ: ವ್ಯಾಪಾರ ಸಂಸ್ಥೆಗಳಿಗೆ ದತ್ತಾಂಶ ಉಗ್ರಾಣದ ಅಗತ್ಯ

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಹಣ ಸ್ವೀಕರಿಸುತ್ತಿದ್ದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿದ ಸಂಗತಿಯನ್ನು ಸದಸ್ಯರು ಮರೆತಿರಲಾರರು. ವರ್ತಕರ ಖಾತೆಗಳಿಗೆ ಬಂದ ಹಣವನ್ನು ಇಲಾಖೆಯು ವರ್ಷವಾರು ಒಟ್ಟುಗೂಡಿಸಿತ್ತು. ಆ ಮೊತ್ತವು ಸರಕು ಮಾರಾಟಕ್ಕೆ ನಿಗದಿಯಾದ 40 ಲಕ್ಷ ರೂಪಾಯಿಗಳ ನೋಂದಣಿ ಮಿತಿಯನ್ನು ದಾಟಿದೆ ಎಂಬುದೇ ನೋಟಿಸಿಗೆ ಆಧಾರ. ಪ್ರತಿಭಟನೆ ನಡೆಯಿತು; ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಸಭೆ ನಡೆಸಿ ಹಳೆಯ ಬಾಕಿಯ ಬಗ್ಗೆ ಭರವಸೆ ನೀಡಿದ ಮೇಲೆ ವಿಷಯ ತಣ್ಣಗಾಯಿತು.

ಆದರೆ ಲೆಕ್ಕಪರಿಶೋಧಕನಾಗಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆ ಮೊತ್ತದಲ್ಲಿ ತೆರಿಗೆ ವಿನಾಯಿತಿಯುಳ್ಳ ಹಾಲು, ತರಕಾರಿಯ ಮಾರಾಟವೆಷ್ಟು, ಕೈಸಾಲ ಮರಳಿ ಬಂದದ್ದೆಷ್ಟು, ಮನೆಯವರು ಕಳುಹಿಸಿದ್ದೆಷ್ಟು ಎಂದು ಬಿಡಿಸಿ ಹೇಳಬೇಕಾದವನು ವರ್ತಕನೇ. ಹಾಗೆ ಹೇಳಲು ಬೇಕಾದ ಲೆಕ್ಕ ಬಹುತೇಕರ ಬಳಿ ಇರಲಿಲ್ಲ. ಸರ್ಕಾರದ ಬಳಿ ಮೊತ್ತವಿತ್ತು, ನಮ್ಮ ಬಳಿ ವಿವರವಿರಲಿಲ್ಲ. ಬೀದಿಬದಿಯ ಅಂಗಡಿಯ ಪಾಡು ಹಾಗಿರಲಿ. ಕೋಟ್ಯಂತರ ರೂಪಾಯಿಗಳ ವಹಿವಾಟು ನಡೆಸುವ ನಮ್ಮ ಜಿಲ್ಲೆಯ ಸಂಸ್ಥೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಉತ್ತಮವಾಗಿಲ್ಲ ಎಂಬುದು ನನ್ನ ಅನುಭವ. ಈ ಹಿನ್ನೆಲೆಯಲ್ಲಿಯೇ ‘ಡೇಟಾ ವೇರ್‌ಹೌಸ್’ ಅಥವಾ ದತ್ತಾಂಶ ಉಗ್ರಾಣದ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಉಗ್ರಾಣ ಎಂದರೇನು?

ಈ ಕಲ್ಪನೆ ಹೊಸದಲ್ಲ. 1988ರಲ್ಲಿ ಐ.ಬಿ.ಎಂ. ಸಂಸ್ಥೆಯ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಇದರ ರೂಪರೇಷೆಯನ್ನು ಪ್ರಕಟಿಸಿದರು. 1992ರಲ್ಲಿ ಬಿಲ್ ಇನ್ಮನ್ ಅವರು ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು. ಮಾಹಿತಿಯು ವಿಷಯವಾರು ಜೋಡಣೆಗೊಂಡಿರಬೇಕು. ಬೇರೆ ಬೇರೆ ಮೂಲಗಳಿಂದ ಬಂದದ್ದು ಏಕರೂಪಕ್ಕೆ ಬಂದಿರಬೇಕು. ಕಾಲಾನುಕ್ರಮದ ಇತಿಹಾಸ ಉಳಿದಿರಬೇಕು. ಒಮ್ಮೆ ಒಳಗೆ ಬಂದದ್ದು ತಿದ್ದುಪಡಿಯಿಂದ ಅಳಿಸಿಹೋಗಬಾರದು.

ನಮ್ಮಲ್ಲಿ ಬಳಕೆಯಲ್ಲಿರುವ ಟ್ಯಾಲಿಯಂತಹ ತಂತ್ರಾಂಶಗಳು ದಿನನಿತ್ಯದ ವಹಿವಾಟನ್ನು ದಾಖಲಿಸಲು ಇರುವಂಥವು. ಬಿಲ್ಲು, ರಸೀದಿ, ಖಾತಾವಣಿ, ತಾಳೆಪಟ್ಟಿಗಳ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಆದರೆ ನಾಲ್ಕು ಊರುಗಳ ನಾಲ್ಕು ಪುಸ್ತಕಗಳನ್ನು, ಐದು ವರ್ಷಗಳ ಅವಧಿಗೆ, ಒಂದೇ ಅಳತೆಗೋಲಿನಲ್ಲಿ ಹೋಲಿಸಿ ನೋಡಬೇಕಾದಾಗ ಅವುಗಳಾಚೆಗೆ ಬೇರೊಂದು ವ್ಯವಸ್ಥೆ ಬೇಕಾಗುತ್ತದೆ. ಅದೇ ಉಗ್ರಾಣ.

ನಮ್ಮ ದುರ್ಗದವರಿಗೆ ಇದನ್ನು ತಿಳಿಯಲು ಪರದೇಶದ ಉದಾಹರಣೆ ಬೇಕಿಲ್ಲ. ಕೋಟೆಯ ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಬರುವಂತೆ ಹಿರಿಯರು ಏರ್ಪಾಡು ಮಾಡಿದ್ದರು. ಹೊಂಡದಿಂದ ಹೊಂಡಕ್ಕೆ ಹರಿಯುವಾಗ ಹೂಳು ಹಿಂದೆ ಉಳಿಯುತ್ತಿತ್ತು. ಉಗ್ರಾಣದ ಕ್ರಮವೂ ಇದೇ: ಮೂಲದಿಂದ ಮಾಹಿತಿಯನ್ನು ತರುವುದು, ತಪ್ಪು ಮತ್ತು ಪುನರಾವರ್ತನೆಗಳನ್ನು ಸೋಸುವುದು, ನಂತರ ಬಳಕೆಗೆ ಶೇಖರಿಸುವುದು.

ಸರ್ಕಾರದ ಕಣಜ ತುಂಬಿದೆ

ವರ್ತಕರು ಈ ವಿಷಯದಲ್ಲಿ ಹಿಂದೆ ಉಳಿದಿರುವಾಗ ಸರ್ಕಾರ ಬಹಳ ಮುಂದೆ ಸಾಗಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಮಾರಾಟಗಾರನ ವಿವರಪಟ್ಟಿ ಮತ್ತು ಖರೀದಿದಾರನ ಹೂಡುವಳಿ ತೆರಿಗೆ ಜಮೆ ಒಂದೇ ಜಾಲದಲ್ಲಿ ಸೇರುತ್ತಿವೆ. 2020ರಲ್ಲಿ ಜಿ.ಎಸ್.ಟಿ.ಆರ್-2ಬಿ ಪಟ್ಟಿ ಬಂದಿತು. 2021ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯು ಎ.ಐ.ಎಸ್. ಎಂದು ಕರೆಯುವ ವಾರ್ಷಿಕ ಮಾಹಿತಿ ಪಟ್ಟಿಯನ್ನು ಆರಂಭಿಸಿತು. ಬಡ್ಡಿ, ಷೇರು, ಆಸ್ತಿ ಖರೀದಿ ಮೊದಲಾದವು ಅದರಲ್ಲಿ ಒಂದೆಡೆ ಕಾಣುತ್ತವೆ. ಜಿ.ಎಸ್.ಟಿ. ನಿಯಮ 88ಸಿ ಮತ್ತು 88ಡಿ ಪ್ರಕಾರ ಎರಡು ವಿವರಪಟ್ಟಿಗಳ ನಡುವಿನ ವ್ಯತ್ಯಾಸ ಮಿತಿ ಮೀರಿದರೆ ಗಣಕಯಂತ್ರವೇ ಸೂಚನೆ ಕಳುಹಿಸುತ್ತದೆ. ಉತ್ತರಿಸಲು ಇರುವುದು ಏಳೇ ದಿನ.

ಏಳು ದಿನಗಳಲ್ಲಿ ಹೊಳಲ್ಕೆರೆಯ ಪುಸ್ತಕ, ಹಿರಿಯೂರಿನ ಪುಸ್ತಕ, ಹೊಸದುರ್ಗದ ಗುಮಾಸ್ತರ ಎಕ್ಸೆಲ್ ಹಾಳೆ ಇವುಗಳನ್ನು ತರಿಸಿ ತಾಳೆ ನೋಡುವುದು ಹೇಗೆ? ನಮ್ಮ ವ್ಯವಹಾರದ ಒಟ್ಟು ಚಿತ್ರ ನಮಗಿಂತ ಮೊದಲು ಅಧಿಕಾರಿಗೆ ತಿಳಿಯುವುದು ಯಾವ ವ್ಯಾಪಾರಕ್ಕೂ ಶೋಭೆಯಲ್ಲ, ಕ್ಷೇಮವೂ ಅಲ್ಲ.

ಒಂದು ಕುಟುಂಬದ ಲೆಕ್ಕ

ಹೆಸರು ಹೇಳದೆ ಒಂದು ನಿದರ್ಶನ ಕೊಡುತ್ತೇನೆ. ಒಂದೇ ಕುಟುಂಬದ ನಾಲ್ಕು ಪ್ರತ್ಯೇಕ ಪಾಲುದಾರಿಕೆ ಸಂಸ್ಥೆಗಳು: ಹೊಳಲ್ಕೆರೆಯಲ್ಲಿ ಅಡಿಕೆ ಖರೀದಿ, ಹೊಸದುರ್ಗದಲ್ಲಿ ತೆಂಗಿನಕಾಯಿ ಮತ್ತು ಕೊಬ್ಬರಿ, ಹಿರಿಯೂರಿನಲ್ಲಿ ಲಾರಿ ಸಾಗಣೆ, ಚಿತ್ರದುರ್ಗದಲ್ಲಿ ಹಣಕಾಸು ಮತ್ತು ಸಗಟು ಮಾರಾಟ. ನಾಲ್ಕಕ್ಕೂ ನಾಲ್ಕು ಪುಸ್ತಕ, ನಾಲ್ವರು ಗುಮಾಸ್ತರು. ಅಡಿಕೆ ಒಂದೆಡೆ ಕ್ವಿಂಟಾಲ್ ಲೆಕ್ಕದಲ್ಲಿ, ಇನ್ನೊಂದೆಡೆ ಚೀಲದ ಲೆಕ್ಕದಲ್ಲಿ. ಒಬ್ಬನೇ ಖರೀದಿದಾರ ಒಂದು ಪುಸ್ತಕದಲ್ಲಿ ಅಂಗಡಿಯ ಹೆಸರಿನಲ್ಲಿ, ಮತ್ತೊಂದರಲ್ಲಿ ಸ್ವಂತ ಹೆಸರಿನಲ್ಲಿ, ಮೂರನೆಯದರಲ್ಲಿ ಬರೀ ಊರಿನ ಹೆಸರಿನಲ್ಲಿ.

ಈ ಕುಟುಂಬದ ಹಿರಿಯರು ಸಾಗಣೆ ವಿಭಾಗವೇ ಹೆಚ್ಚು ಲಾಭದಾಯಕವೆಂದು ನಂಬಿ, ಸಾಲ ಪಡೆದು ಇನ್ನೆರಡು ಲಾರಿ ಕೊಂಡರು. ಮರುವರ್ಷ ಬ್ಯಾಂಕಿನ ಸಾಲಮಿತಿ ಹೆಚ್ಚಿಸಿಕೊಳ್ಳಲು ನಾಲ್ಕೂ ಸಂಸ್ಥೆಗಳ ಒಟ್ಟು ಲೆಕ್ಕ ಬೇಕಾಯಿತು. ಅದನ್ನು ಕೂಡಿಸಲು ನಮಗೆ ಮೂರು ವಾರ ಹಿಡಿಯಿತು. ಕೂಡಿಸಿದ ಮೇಲೆ ತಿಳಿದದ್ದು: ಸಾಗಣೆಯ ಲಾಭವೆಲ್ಲ ತಮ್ಮವೇ ಅಡಿಕೆ, ಕೊಬ್ಬರಿಗೆ ವಿಧಿಸಿದ ಬಾಡಿಗೆಯಿಂದ ಬಂದದ್ದು. ಹೊರಗಿನವರ ಬಾಡಿಗೆಯಲ್ಲಿ ನಷ್ಟವೇ ಆಗುತ್ತಿತ್ತು. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಣವನ್ನು ಅವರು ಸಂಪಾದನೆಯೆಂದು ಎಣಿಸಿದ್ದರು. ಲಾರಿಗಳು ಬಂದು ನಿಂತಿದ್ದವು, ಕಂತು ಆರಂಭವಾಗಿತ್ತು.

ಇದರಲ್ಲಿ ನನ್ನ ಪಾಲೂ ಇದೆ. ಆ ನಾಲ್ಕೂ ಅಢಾವೆ ಪತ್ರಿಕೆಗಳಿಗೆ ವರ್ಷವರ್ಷವೂ ಸಹಿ ಮಾಡಿದವನು ನಾನೇ. ಪ್ರತಿಯೊಂದು ಪುಸ್ತಕವೂ ಕಾನೂನಿನಂತೆ ಸರಿಯಾಗಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿರೆಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಮಾಡಬೇಕಾದುದೇನು?

ತಂತ್ರಾಂಶವನ್ನು ಕೊಳ್ಳುವುದು ಕೊನೆಯ ಕೆಲಸ. ಮೊದಲು ಮಾಲೀಕರು ತಮಗೆ ಉತ್ತರ ಬೇಕಾದ ಐದು ಪ್ರಶ್ನೆಗಳನ್ನು ಬರೆದುಕೊಳ್ಳಲಿ. ಯಾವ ಸರಕಿನಲ್ಲಿ, ಯಾವ ಊರಿನಲ್ಲಿ ನಿಜವಾದ ಲಾಭ? ಯಾರ ಬಾಕಿ ಎಷ್ಟು ದಿನಗಳಿಂದ ಉಳಿದಿದೆ? ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 2006ರ ಕಾಯ್ದೆಯಂತೆ 45 ದಿನ ಮೀರದೆ ಹಣ ಸಂದಾಯವಾಗುತ್ತಿದೆಯೇ? 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಎಷ್ಟೋ ಲಾರಿ ಮಾಲೀಕರಿಗೆ ತಮ್ಮ ಆದಾಯದಲ್ಲಿ ಅದಿರಿನ ಪಾಲು ಎಷ್ಟೆಂಬುದೇ ಖಚಿತವಿರಲಿಲ್ಲ. ಅಂತಹ ಅವಲಂಬನೆ ಇಂದು ಯಾವುದರ ಮೇಲಿದೆ ಎಂಬುದೂ ಒಂದು ಪ್ರಶ್ನೆಯಾಗಲಿ.

ಎರಡನೆಯದು, ಹೆಸರುಗಳ ಏಕರೂಪತೆ. ಹದಿನೈದು ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ನಂತರದ ಹತ್ತು ಪ್ಯಾನ್ ಸಂಖ್ಯೆ. ಎರಡು ರಾಜ್ಯಗಳಲ್ಲಿ ನೋಂದಣಿಯುಳ್ಳ ಗಿರಾಕಿಯನ್ನೂ ಪ್ಯಾನ್ ಆಧಾರದಲ್ಲಿ ಒಬ್ಬನೆಂದು ಗುರುತಿಸಬಹುದು. ರೈತರಿಗೆ ಸಂಸ್ಥೆಯೇ ಒಂದು ಕ್ರಮಸಂಖ್ಯೆ ಕೊಡಲಿ. ಅದಕ್ಕಾಗಿ ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿಟ್ಟುಕೊಳ್ಳುವ ಗೋಜು ಬೇಡ. ಸರಕು ಮತ್ತು ಅಳತೆಗಳಿಗೂ ಹೀಗೆಯೇ ಒಂದೇ ಪಟ್ಟಿ ಇರಲಿ.

ಇತಿಹಾಸವನ್ನು ಕಾಪಾಡುವುದು ಮೂರನೆಯದು. ನಮ್ಮ ಚಿತ್ರದುರ್ಗ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆದರೆ ಹಿಂದಿನ ವರ್ಷಗಳ ವರದಿ ಸುಳ್ಳಾಗುತ್ತದೆ. ಪ್ರತ್ಯೇಕ ಖಾತೆಗಳಾಗಿಯೇ ಬಿಟ್ಟರೆ ಒಂದೇ ಬ್ಯಾಂಕಿನ ಬಡ್ಡಿವೆಚ್ಚ ನಾಲ್ಕಾಗಿ ಒಡೆಯುತ್ತದೆ. ಉಗ್ರಾಣದಲ್ಲಿ ಪ್ರತಿ ಹೆಸರಿಗೂ ಅದರ ಅವಧಿಯನ್ನು ನಮೂದಿಸಿ, ಎಲ್ಲವನ್ನೂ ಒಂದು ಕೊಂಡಿಯಿಂದ ಬೆಸೆಯಲಾಗುತ್ತದೆ.

ನಾಲ್ಕನೆಯದು, ತಾಳೆ. ಪ್ರತಿ ತಿಂಗಳು ಉಗ್ರಾಣದ ಮೊತ್ತವು ಮೂಲ ಪುಸ್ತಕದ ತಾಳೆಪಟ್ಟಿಗೆ ರೂಪಾಯಿ ಪೈಸೆಯವರೆಗೆ ಹೊಂದಬೇಕು. ಹೊಂದಿದೆಯೆಂದು ಜವಾಬ್ದಾರರೊಬ್ಬರು ಸಹಿ ಹಾಕಬೇಕು. ತಾಳೆಯಾಗದ ವರದಿ ಎಷ್ಟೇ ಬಣ್ಣದ ನಕ್ಷೆಗಳಿಂದ ಕೂಡಿದ್ದರೂ ನಂಬಲರ್ಹವಲ್ಲ.

ಆಕ್ಷೇಪಗಳು

ಖರ್ಚು ಹೆಚ್ಚೆಂಬುದು ಮೊದಲ ಆಕ್ಷೇಪ. ಪೋಸ್ಟ್‌ಗ್ರೆ ಎಸ್.ಕ್ಯೂ.ಎಲ್.ನಂತಹ ದತ್ತಾಂಶ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಟ್ಯಾಲಿಯಿಂದ ಮಾಹಿತಿಯನ್ನು ಹೊರತೆಗೆಯುವ ಮಾರ್ಗಗಳು ಅದರಲ್ಲಿಯೇ ಇವೆ. ಖರ್ಚಾಗುವುದು ತಿಳಿದವರ ಶ್ರಮಕ್ಕೆ ಮತ್ತು ಹಳೆಯ ಹೆಸರುಗಳನ್ನು ಶುದ್ಧಗೊಳಿಸುವ ಸಮಯಕ್ಕೆ. ಎಲ್ಲರಿಗೂ ಇದು ಬೇಕೆಂದೂ ನಾನು ಹೇಳುವುದಿಲ್ಲ. ಒಂದು ಊರು, ಒಂದು ಅಂಗಡಿ, ಒಂದು ಪುಸ್ತಕ ಇರುವವರು ಇರುವ ಲೆಕ್ಕವನ್ನೇ ತಿಂಗಳಿಗೊಮ್ಮೆ ಮುಗಿಸಿ ಓದಿದರೆ ಸಾಕು. ಎರಡಕ್ಕಿಂತ ಹೆಚ್ಚು ಶಾಖೆ ಅಥವಾ ಸೋದರ ಸಂಸ್ಥೆಗಳಿರುವವರಿಗೆ ಮಾತ್ರ ಈ ಮಾತು.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲವೂ ಒಂದೆಡೆ ಬಂದರೆ ತಮ್ಮನಿಗೆ ಅಣ್ಣನ ವಿಭಾಗದ ಲೆಕ್ಕ ಕಾಣುತ್ತದೆ. ಚೀಟಿಯಲ್ಲಿ ನಡೆಯುವ ವ್ಯವಹಾರಕ್ಕೆ ಜಾಗವಿರುವುದಿಲ್ಲ. ಉಗ್ರಾಣ ನಮ್ಮಲ್ಲಿ ಬಾರದಿರಲು ಖರ್ಚಿಗಿಂತ ಇದೇ ದೊಡ್ಡ ಕಾರಣವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಯಾರಿಗೆ ಯಾವುದು ಕಾಣಬೇಕೆಂಬ ಮಿತಿಯನ್ನು ಉಗ್ರಾಣದಲ್ಲಿಯೇ ಗೊತ್ತುಪಡಿಸಬಹುದು. ಆದರೆ ಪುಸ್ತಕಕ್ಕೆ ಬಾರದ ವ್ಯವಹಾರಕ್ಕೆ ಯಾವ ತಂತ್ರಾಂಶವೂ ಉತ್ತರ ಕೊಡಲಾರದು. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಹಿಂದಿನ ದಿನಾಂಕ ಹಾಕಿ ಸರಿಪಡಿಸುವ ಕಾಲ ಮುಗಿಯಿತು.

ಈ ವಿಷಯದಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆ ಉತ್ತಮ ಪಾಠ. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಆ ಯೋಜನೆ ಯಶಸ್ವಿಯಾದದ್ದು ಯಂತ್ರಗಳಿಂದ ಮಾತ್ರವಲ್ಲ. ಗ್ರಾಮಲೆಕ್ಕಿಗರ ಪುಸ್ತಕದ ಮಾಹಿತಿಯನ್ನು ತಾಲ್ಲೂಕು ಕಚೇರಿಗೆ ತಂದು, ಪರಿಶೀಲಿಸಿ, ಅನಂತರ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಘೋಷಿಸಿತು. ಕೊನೆಯ ಆ ಹೆಜ್ಜೆ ಇಲ್ಲದಿದ್ದರೆ ಎರಡು ಪಹಣಿಗಳು, ಎರಡು ಸತ್ಯಗಳು ಉಳಿಯುತ್ತಿದ್ದವು. ನಮ್ಮ ಸಂಸ್ಥೆಗಳಲ್ಲಿಯೂ ಯಜಮಾನರ ಜೇಬಿನ ಪುಟ್ಟ ಪುಸ್ತಕ ಮುಂದುವರಿಯುವವರೆಗೆ ಎಂತಹ ಉಗ್ರಾಣ ಕಟ್ಟಿದರೂ ಅದು ಖಾಲಿಯೇ.

ವಾಣಿಜ್ಯ ಸಂಸ್ಥೆಯ ಪಾತ್ರ

ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ವಾಣಿಜ್ಯ ಮಂಡಳಿಯು ಎರಡು ಕಾರ್ಯಗಳನ್ನು ಕೈಗೊಳ್ಳಬೇಕೆಂದು ಈ ಮೂಲಕ ವಿನಂತಿಸುತ್ತೇನೆ. ಒಂದು, ಅಡಿಕೆ, ಕೊಬ್ಬರಿ, ಮೆಕ್ಕೆಜೋಳ, ಶೇಂಗಾ, ಹತ್ತಿ ಮುಂತಾದ ಜಿಲ್ಲೆಯ ಸರಕುಗಳ ದರ್ಜೆ ಮತ್ತು ಅಳತೆಗಳಿಗೆ ಎಲ್ಲ ಸದಸ್ಯರೂ ಬಳಸಬಹುದಾದ ಒಂದು ಸಾಮಾನ್ಯ ಸಂಕೇತಪಟ್ಟಿಯನ್ನು ಸಿದ್ಧಪಡಿಸುವುದು. ಎರಡು, ನಾಲ್ಕೂ ಊರುಗಳ ಗುಮಾಸ್ತರಿಗೂ ವಾಣಿಜ್ಯ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ತರಬೇತಿ ಏರ್ಪಡಿಸುವುದು. ನಮ್ಮ ಮಕ್ಕಳು ಇದೇ ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಅವರಲ್ಲಿ ಕೆಲವರಿಗಾದರೂ ಇಲ್ಲಿಯೇ ಕೆಲಸವಾದೀತು.

ಮೇಲೆ ಹೇಳಿದ ಕುಟುಂಬವು ಒಂದು ಲಾರಿಯನ್ನು ಮಾರಿತು, ಇನ್ನೊಂದರ ಕಂತು ಕಟ್ಟುತ್ತಿದೆ. ಈಗ ನಾಲ್ಕೂ ಪುಸ್ತಕಗಳು ಪ್ರತಿ ರಾತ್ರಿ ಒಂದೆಡೆ ಸೇರುತ್ತವೆ. ತಿಂಗಳ ಐದನೆಯ ತಾರೀಖಿಗೆ ಎರಡು ಪುಟಗಳ ವರದಿ ಅಣ್ಣತಮ್ಮಂದಿರ ಮುಂದೆ ಬರುತ್ತದೆ. ಮೊದಲ ಮೂರು ತಿಂಗಳು ಆ ಸಭೆಯಲ್ಲಿ ಜಗಳವಾಯಿತು. ನಾಲ್ಕನೆಯ ತಿಂಗಳು ಹೊರಗಿನ ಬಾಡಿಗೆಯ ದರವನ್ನು ಒಮ್ಮತದಿಂದ ಪರಿಷ್ಕರಿಸಿದರು. ಎರಡು ಲಾರಿಗಳ ಸಾಲ ಮಾಡುವ ಮೊದಲೇ ಆ ವರದಿ ಅವರ ಕೈಯಲ್ಲಿರಬೇಕಿತ್ತು. ಇತರ ಸದಸ್ಯರ ವಿಷಯದಲ್ಲಿಯಾದರೂ ಆ ವಿಳಂಬ ಆಗದಿರಲಿ.