ಕಂತು ಕಟ್ಟುವವರ ಲೆಕ್ಕ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರೇ,

2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. ಬೆಲೆಯೇರಿಕೆಗೆ ಮೂಗುದಾರ ಹಾಕಲು ಅದು ಬೇಕಿತ್ತು, ಆ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ ಏರಿಕೆ ಮನೆಸಾಲದ ಖಾತೆಗೆ ಇಳಿದ ರೀತಿಯ ಬಗ್ಗೆ.

ತುಮಕೂರಿನ ಶಿಕ್ಷಕಿಯೊಬ್ಬರು 2021ರ ಕೊನೆಗೆ ಶೇ 6.75ರ ಬಡ್ಡಿಗೆ 40 ಲಕ್ಷ ರೂಪಾಯಿ ಸಾಲ ಮಾಡಿದರು ಎಂದಿಟ್ಟುಕೊಳ್ಳಿ. ಅವಧಿ 20 ವರ್ಷ, ತಿಂಗಳ ಕಂತು 30,415 ರೂಪಾಯಿ. ಒಂದು ವರ್ಷ ಕಟ್ಟಿದ ಮೇಲೆ ಉಳಿಯುವ ಅಸಲು ಸುಮಾರು 39.02 ಲಕ್ಷ. ಬಡ್ಡಿ ಶೇ 9.25 ಆದರೆ ಈ ಅಸಲಿನ ಮೇಲೆ ಒಂದು ತಿಂಗಳ ಬಡ್ಡಿಯೇ 30,078 ರೂಪಾಯಿ. ಕಂತಿನಲ್ಲಿ ಅಸಲಿಗೆ ಜಮಾ ಆಗುವುದು ಬರೀ 337! ಏರಿಕೆ ಹಂತಹಂತವಾಗಿ ಬಂತು, ಇಲ್ಲಿ ಸರಳವಾಗಲಿ ಎಂದು ಒಟ್ಟಿಗೇ ಸೇರಿಸಿದೆ, ಅಷ್ಟೇ ವ್ಯತ್ಯಾಸ. ಕಂತನ್ನು ಮುಟ್ಟದೆ ಅವಧಿಯನ್ನಷ್ಟೇ ಹಿಗ್ಗಿಸಿದರೆ ಈ ಸಾಲ ತೀರಲು ಇನ್ನೂ ಸುಮಾರು 49 ವರ್ಷ ಬೇಕು. ನಿವೃತ್ತಿ ವಯಸ್ಸು ಅಡ್ಡ ಬರುವುದರಿಂದ ಯಾವ ಬ್ಯಾಂಕೂ ಅಷ್ಟು ದೂರ ಎಳೆಯುವುದಿಲ್ಲ, ಎಲ್ಲೋ ಒಂದು ಕಡೆ ಕಂತನ್ನೂ ಏರಿಸುತ್ತದೆ. ಆದರೆ ಸಾಲಗಾರರಿಗೆ ಸಿಗುವ ಸುದ್ದಿ ಏನು? ‘ಡಿಯರ್ ಕಸ್ಟಮರ್, ಯುವರ್ ಆರ್‌ಒಐ ಹ್ಯಾಸ್ ಬೀನ್ ರಿವೈಸ್ಡ್’ ಎಂಬ ಒಂದು ಎಸ್ಸೆಮ್ಮೆಸ್ಸು. ಕಂತು ಎಂದಿನಷ್ಟೇ ಕಡಿತವಾಯಿತಲ್ಲ ಎಂದು ಅವರು ನಿಶ್ಚಿಂತೆಯಿಂದ ಇರುತ್ತಾರೆ.

ತಮ್ಮ ಸಂಸ್ಥೆ ಕಣ್ಣು ಮುಚ್ಚಿ ಕೂತಿತ್ತು ಎನ್ನುವುದು ಅನ್ಯಾಯದ ಮಾತಾದೀತು. 2023ರ ಆಗಸ್ಟ್ 18ರ ಸುತ್ತೋಲೆ ಈ ರೋಗಕ್ಕೆಂದೇ ಬಂದ ಮದ್ದು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಒಂದಿಷ್ಟು ಮಾಡಬೇಕೋ ಎಂಬ ಆಯ್ಕೆಯನ್ನು ಅದು ಸಾಲಗಾರರ ಕೈಗೆ ಕೊಟ್ಟಿತು. ಈವರೆಗೆ ಕಟ್ಟಿದ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತುಗಳೆಷ್ಟು ಎಂಬ ವಿವರ ಮೂರು ತಿಂಗಳಿಗೊಮ್ಮೆ ಅವರಿಗೆ ಸಿಗಬೇಕು ಎಂದಿತು. 2024ರ ಅಕ್ಟೋಬರ್‌ನಿಂದ ಪ್ರತಿ ಹೊಸ ಮನೆಸಾಲಕ್ಕೂ ಮುಖ್ಯಾಂಶಗಳ ಪತ್ರ ಕಡ್ಡಾಯವಾಯಿತು. ಆ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಿ ಸಹಿ ಪಡೆಯಬೇಕು ಎಂಬುದೂ ನಿಯಮವೇ.

ಆದರೆ ಹಾಸನದಲ್ಲೋ ಹಾವೇರಿಯಲ್ಲೋ ಒಂದು ಶಾಖೆಗೆ ಹೋಗಿ ಸಾಲದ ಮೇಜಿನ ಮುಂದೆ ಕೂತು ನೋಡಿ. ಇಂಗ್ಲಿಷಿನ ದಪ್ಪ ಕಡತ, ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ. ‘ಇಲ್ಲೊಂದು, ಇಲ್ಲೊಂದು, ಇಲ್ಲಿ ಪೂರ್ತಿ ಹೆಸರು ಬರೀರಿ ಮೇಡಂ.’ ಹತ್ತು ನಿಮಿಷದಲ್ಲಿ 20 ವರ್ಷದ ಕರಾರು ಮುಗಿಯುತ್ತದೆ. ಗುಮಾಸ್ತರದ್ದು ತಪ್ಪಿಲ್ಲ, ಅವರ ಹಿಂದೆ ಸರದಿ ಇದೆ, ತಿಂಗಳ ಗುರಿ ಇದೆ.

ಹೀಗಾಗಿ ಸರಳ ಲೆಕ್ಕವೂ ಜನರಿಗೆ ದಾಟುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ 50 ಲಕ್ಷದ ಫ್ಲ್ಯಾಟ್ ಕೊಳ್ಳುವವರಿಗೆ ತಮ್ಮ ನಿಯಮದ ಪ್ರಕಾರ ಶೇ 80ರಷ್ಟು, ಎಂದರೆ 40 ಲಕ್ಷ ಸಾಲ ಸಿಕ್ಕೀತು. ಉಳಿದ 10 ಲಕ್ಷ ಹೊಂದಿಸಿದರೆ ಸಾಕು ಎಂದುಕೊಂಡವರಿಗೆ ನೋಂದಣಿಯ ಹೊತ್ತಿಗೆ ತಲೆ ತಿರುಗುತ್ತದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವನ್ನು ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದೆ. ಎಲ್ಲ ಸೇರಿ ಹತ್ತಿರ ಹತ್ತಿರ ಶೇ 7.6, ಅಂದರೆ 3.8 ಲಕ್ಷ. ಇದಕ್ಕೆ ಮನೆಸಾಲ ಸಿಗದು. ಆಗ ಒಡವೆ ಅಡವಿಗೆ ಹೋಗುತ್ತದೆ, ಇಲ್ಲವೇ ಪರ್ಸನಲ್ ಲೋನ್ ಮನೆಗೆ ಬರುತ್ತದೆ.

‘ಬಾಡಿಗೆಯಲ್ಲೇ ಕಂತು ಕಟ್ಟಬಹುದು’ ಎಂಬ ಭರವಸೆಯ ಮೇಲೆ ಎರಡನೇ ಮನೆ ಕೊಳ್ಳುವವರ ಕಥೆ ಇನ್ನೂ ಬಿಗಿ. ಅದೇ 40 ಲಕ್ಷಕ್ಕೆ ಶೇ 8.5ರ ಬಡ್ಡಿಯಾದರೆ ಕಂತು 34,713. ಮೊದಲ ವರ್ಷ ಬಡ್ಡಿಗೇ ಹೋಗುವುದು ಸುಮಾರು 3.37 ಲಕ್ಷ. ತಿಂಗಳಿಗೆ 15,000 ಬಾಡಿಗೆ ಬಂದರೆ ವರ್ಷಕ್ಕೆ 1.8 ಲಕ್ಷ. ಅದರಲ್ಲಿ ಅಪಾರ್ಟ್‌ಮೆಂಟಿನ ನಿರ್ವಹಣೆ, ಆಸ್ತಿ ತೆರಿಗೆ, ಮನೆ ಖಾಲಿ ಬಿದ್ದ ತಿಂಗಳುಗಳನ್ನು ಕಳೆಯಬೇಕು. ಬಡ್ಡಿಯ ಅರ್ಧವೂ ಹುಟ್ಟುವುದಿಲ್ಲ. ಮನೆಯ ಬೆಲೆ ಏರಿದರೆ ಸರಿಹೋದೀತು, ಆದರೆ ಅದು ಆಸೆ, ಆದಾಯವಲ್ಲ.

ಲಾಭದ ಲೆಕ್ಕವೂ ಜನರಿಗೆ ಅಷ್ಟೇ ಅಪರಿಚಿತ. ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಗೆ 2 ಲಕ್ಷ ಹೆಚ್ಚುವರಿ ಕಟ್ಟಿ, ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರೆದುಕೊಟ್ಟರೆ 26 ಕಂತು ಕಡಿಮೆಯಾಗುತ್ತವೆ, ಸುಮಾರು 7 ಲಕ್ಷ ರೂಪಾಯಿ ಬಡ್ಡಿ ಉಳಿಯುತ್ತದೆ. ಫ್ಲೋಟಿಂಗ್ ದರದ ಮನೆಸಾಲವನ್ನು ಮುಂಗಡವಾಗಿ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕುವುದನ್ನು ತಮ್ಮ ಸಂಸ್ಥೆ 2012ರಲ್ಲೇ ನಿಲ್ಲಿಸಿದೆ. ದಂಡ ಬೀಳುತ್ತದೆ ಎಂದು ಹೆದರಿ ಬೋನಸ್ ಹಣವನ್ನು ಉಳಿತಾಯ ಖಾತೆಯಲ್ಲೇ ಮಲಗಿಸಿಟ್ಟವರು ಈಗಲೂ ಇದ್ದಾರೆ.

ಇನ್ನು ಇಳಿಕೆಯ ಕಾಲ. 2025ರಲ್ಲಿ ರೆಪೊ ದರ ಶೇ 6.5ರಿಂದ 5.25ಕ್ಕೆ ಬಂತು. ರೆಪೊಗೆ ಜೋಡಿಸಿದ ಬ್ಯಾಂಕ್ ಸಾಲಗಳಿಗೆ ಇದು ಮೂರು ತಿಂಗಳೊಳಗೆ ತಲುಪಬೇಕು. ಆದರೆ ಸಾಲವನ್ನು ಹೀಗೆ ಹೊರಗಿನ ದರಕ್ಕೆ ಜೋಡಿಸಬೇಕು ಎಂಬ 2019ರ ನಿಯಮ ಬ್ಯಾಂಕುಗಳಿಗೆ ಮಾತ್ರ, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗಲ್ಲ. ಬ್ಯಾಂಕಿನ ಸ್ವಂತ ನಿಧಿವೆಚ್ಚಕ್ಕೆ ಜೋಡಿಸಿದ ಹಳೆಯ ಎಂಸಿಎಲ್ಆರ್ ಸಾಲದಲ್ಲೇ ಉಳಿದವರೂ ಇದ್ದಾರೆ, ಕೇಳಿಕೊಂಡು ಹೋಗಿ ಬದಲಿಸಿಕೊಳ್ಳದಿದ್ದರೆ ಅವರಿಗೆ ಇಳಿಕೆ ನಿಧಾನ. ಜೊತೆಗೆ, ನಿಗದಿತ ಬಡ್ಡಿಗೆ ಬದಲಾಗುವ ಅವಕಾಶ ಕೊಡಲೇಬೇಕು ಎಂದಿದ್ದ ನಿಯಮವನ್ನು 2025ರ ಅಕ್ಟೋಬರ್‌ನಿಂದ ಸಾಲ ಕೊಡುವವರ ಇಚ್ಛೆಗೆ ಬಿಟ್ಟಿರಿ. ಇದೊಂದು ಹಿಂದೆ ಸರಿದ ಹೆಜ್ಜೆ ಎನ್ನದೆ ವಿಧಿಯಿಲ್ಲ.

ಆದ್ದರಿಂದ ಕೇಳಿಕೆ ಹೊಸ ನಿಯಮಕ್ಕಲ್ಲ, ಇರುವ ನಿಯಮಕ್ಕೆ ಹಲ್ಲು ಮೂಡಿಸಲು. ಸಾಲಗಾರರು ಸ್ಪಷ್ಟವಾಗಿ ‘ಸರಿ’ ಎನ್ನದೆ ಅವಧಿ ಒಂದು ತಿಂಗಳೂ ಉದ್ದವಾಗಬಾರದು. ಬಡ್ಡಿ ಬದಲಾದಾಗ ಬರುವ ಸಂದೇಶದಲ್ಲಿ ಹಿಂದೆ ಎಷ್ಟು ಕಂತು ಬಾಕಿ ಇತ್ತು, ಈಗ ಎಷ್ಟಾಯಿತು ಎಂಬ ಎರಡು ಅಂಕಿ ಕನ್ನಡದಲ್ಲಿರಲಿ, ತಮಿಳುನಾಡಿನಲ್ಲಿ ತಮಿಳಿನಲ್ಲಿರಲಿ. ಇಂದು ಬರುವ ಹೊಸ ಗ್ರಾಹಕರಿಗೆ ಅದೇ ಬ್ಯಾಂಕು ಎಷ್ಟು ಬಡ್ಡಿ ಹಾಕುತ್ತಿದೆ ಎಂಬುದೂ ಪಕ್ಕದಲ್ಲೇ ಇರಲಿ, ಹಳಬರು ಚೌಕಾಸಿ ಮಾಡಲು ಅಷ್ಟು ಸಾಕು.

ಕೊನೆಯದಾಗಿ, ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು ಎಂದು 2023ರ ಡಿಸೆಂಬರ್‌ನಿಂದ ಬ್ಯಾಂಕುಗಳಿಗೆ ಆದೇಶವಿದೆ. ನೋಂದಾಯಿತ ಋಣಭಾರ ತೆಗೆಸುವುದೂ ಅದೇ ಆದೇಶದಲ್ಲಿದೆ. ಆದರೂ ಪತ್ರ ಕೈಗೆ ಬಂದ ಖುಷಿಯಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡದವರಿಗೆ, ಮನೆ ಮಾರುವ ದಿನ ಅದರಲ್ಲಿ ಬ್ಯಾಂಕಿನ ಹೆಸರು ಹಾಗೇ ಕಾಣಿಸಬಹುದು. ಉಪನೋಂದಣಿ ಕಚೇರಿಗೆ ಬ್ಯಾಂಕಿನವರು ಬರಬೇಕೋ ಸಾಲಗಾರರು ಅಲೆಯಬೇಕೋ, ಅದರ ಖರ್ಚು ಯಾರದ್ದು ಎಂಬುದನ್ನು ಮಂಜೂರಾತಿ ಪತ್ರದ ಮೊದಲ ಪುಟದಲ್ಲೇ ಬರೆಸಿ.

ಇಂತಿ,
ಕಂತು ಕಟ್ಟುವವರ ಪರವಾಗಿ