ಯಂತ್ರಕ್ಕಿಂತ ಮೊದಲು ರಟ್ಟು

ನಮ್ಮ ಶಾಲೆಗಳಿಗೂ ಸಿಎನ್‌ಸಿ ರೂಟರ್ ಬೇಕು ಎಂಬ ಮಾತು ಶಿಕ್ಷಕರ ನಡುವೆ ಆಗಾಗ ಬರುತ್ತದೆ. ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಯಂತ್ರ ಬರುವ ಮೊದಲೇ ಮಕ್ಕಳು ಕಲಿಯಬೇಕಾದ ವಿದ್ಯೆ ಒಂದಿದೆ: ದೊಡ್ಡ ಆಕಾರವನ್ನು ಪದರಗಳಾಗಿ ಸೀಳುವುದು. ಅದಕ್ಕೆ ಕರೆಂಟೂ ಬೇಡ, ಅನುದಾನವೂ ಬೇಡ.

ಪೇಟೆಯ ಮರದ ಕೆಲಸದ ಅಂಗಡಿಗಳಲ್ಲಿ ಬಾಗಿಲಿಗೆ ಹೂಬಳ್ಳಿ ಕೆತ್ತುವ ಈ ಯಂತ್ರವನ್ನು ಎಷ್ಟೋ ಮಕ್ಕಳು ನೋಡಿದ್ದಾರೆ. ಸಾಮಾನ್ಯ ರೂಟರಿನ ಬಿಟ್ ಮರವನ್ನು ಮುಟ್ಟುವುದು ಮೇಲಿನಿಂದ ಮಾತ್ರ. ಬಿಟ್‌ನ ಉದ್ದಕ್ಕಿಂತ ಆಳವಾದ ಗುಂಡಿಯಾಗಲಿ, ಉಬ್ಬಿನ ಅಡಿಯಲ್ಲಿ ಅಡಗಿದ ಭಾಗವಾಗಲಿ ಅದಕ್ಕೆ ಎಟುಕುವುದಿಲ್ಲ. ಹಾಗಾಗಿ 30 ಸೆಂ.ಮೀ. ಎತ್ತರದ ಹೃದಯದ ಮಾದರಿ ಬೇಕೆಂದರೆ 18 ಮಿ.ಮೀ. ಹಲಗೆಯಲ್ಲಿ 17 ಪದರ ಕೊರೆಯಬೇಕು. ಎಲ್ಲ ಪದರಗಳಲ್ಲೂ ಒಂದೇ ಜಾಗದಲ್ಲಿ ಎರಡು ತೂತು ಬಿಟ್ಟು, ಗೂಟ ತೂರಿಸಿ ಅಂಟಿಸಬೇಕು.

ಇದನ್ನೇ ರಟ್ಟಿನಲ್ಲಿ ಮಾಡಿಸಿ ನೋಡಿ. 10 ಸೆಂ.ಮೀ. ತ್ರಿಜ್ಯದ ಅರ್ಧಗೋಳಕ್ಕೆ 2 ಸೆಂ.ಮೀ. ದಪ್ಪದ ಐದು ಬಿಲ್ಲೆಗಳು. ಒಂದೊಂದರ ತ್ರಿಜ್ಯ ಎಷ್ಟು? ಪೈಥಾಗೊರಸ್ ಪ್ರಮೇಯ ಸಾಕು: 10, 9.8, 9.2, 8, 6 ಸೆಂ.ಮೀ. ಐದರ ಘನಫಲ ಕೂಡಿಸಿದರೆ ಸುಮಾರು 2388 ಘನ ಸೆಂ.ಮೀ.; ಸೂತ್ರ ಹೇಳುವುದು 2094. ಶೇ. 14ರಷ್ಟು ಹೆಚ್ಚು! ಪದರವನ್ನು 1 ಸೆಂ.ಮೀ.ಗೆ ಇಳಿಸಿ, ಹೆಚ್ಚಳ ಶೇ. 7ರ ಹತ್ತಿರ ಬರುತ್ತದೆ, ಮೆಟ್ಟಿಲೂ ಸಣ್ಣದಾಗುತ್ತದೆ. ಪ್ಲಸ್ ಟುವಿನಲ್ಲಿ ಇಂಗ್ಲಿಷಿನಲ್ಲಿ ಎದುರಾಗುವ ಅನುಕಲನದ ತಿರುಳು ಇದೇ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲೇ, ಕೈಯಲ್ಲಿ ಹಿಡಿದು ನೋಡಿ ಹೋದರೆ ಅಲ್ಲಿ ತಬ್ಬಿಬ್ಬಾಗೋದು ಕಡಿಮೆ.

ಅಚ್ಚಿನ ಪಾಠವೂ ಹೀಗೇ. ಇಡ್ಲಿ ತಟ್ಟೆಯ ಗುಳಿಗೆ ಬಾಯಿ ಅಗಲ, ತಳ ಕಿರಿದು. ಆದ್ದರಿಂದಲೇ ಇಡ್ಲಿ ಮುರಿಯದೆ ಏಳುತ್ತದೆ. ಅಚ್ಚಿನ ಗೋಡೆಗೂ ಅಂಥ ಇಳಿಜಾರು ಬೇಕು. ಒಳಮೂಲೆ ಚೂಪಾಗಿ ಬರುವುದಿಲ್ಲ; 6 ಮಿ.ಮೀ. ಬಿಟ್ ಕೊರೆದ ಮೂಲೆಗೆ 3 ಮಿ.ಮೀ. ತ್ರಿಜ್ಯದ ದುಂಡು ಉಳಿಯುತ್ತದೆ. ಅಚ್ಚಿಗೆ ಎಣ್ಣೆ ಸವರಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದಾಗ ಅದು ನೀರು ಹೀರಿ ಜಿಪ್ಸಮ್ ಆಗುತ್ತಾ ಬಿಸಿಯಾಗುವುದನ್ನು ಮಕ್ಕಳು ಅಚ್ಚಿನ ಹೊರಮೈ ಮುಟ್ಟಿಯೇ ತಿಳಿಯಬಹುದು. ಉಷ್ಣ ಬಿಡುಗಡೆಯ ಕ್ರಿಯೆಗೆ ಬೇರೆ ಉದಾಹರಣೆ ಹುಡುಕಬೇಕೇ?

"ಸಾಫ್ಟ್‌ವೇರ್ ಕ್ಷಣದಲ್ಲಿ ಸೀಳಿ ಕೊಡ್ತದಲ್ಲ, ಮತ್ತೆ ಯಾಕೆ ಈ ಕಷ್ಟ?" ಅಂತ ಕೆಲವರು ಕೇಳಬಹುದು. ಕೊಡ್ತದೆ, ನಿಜ. ಆದರೆ ಯಾವ ದಿಕ್ಕಿನಲ್ಲಿ ಸೀಳಬೇಕು, ಎಷ್ಟು ದಪ್ಪ ಇರಬೇಕು, ಅಚ್ಚನ್ನು ಎಲ್ಲಿ ಎರಡು ಭಾಗ ಮಾಡಬೇಕು ಎಂದು ಮನುಷ್ಯನೇ ಹೇಳಬೇಕು. ಗುಂಡಿ ಒತ್ತುವುದನ್ನಷ್ಟೇ ಕಲಿತವರಿಗೆ ಎರಕ ಅಚ್ಚಿನಲ್ಲೇ ಸಿಕ್ಕಿಕೊಂಡರೆ ಕಾರಣ ಹೊಳೆಯುವುದಿಲ್ಲ.

ನನ್ನ ಸಲಹೆ ಇಷ್ಟೇ. ಪ್ರತಿ ಉಪಜಿಲ್ಲೆಯಲ್ಲಿ ಒಂದು ಶಾಲೆಯ ಮಕ್ಕಳು ರಟ್ಟಿನಲ್ಲಿ ಪದರ ಲೆಕ್ಕ ಹಾಕಲಿ. ಅದರಂತೆ ಊರಿನ ಅಂಗಡಿಯಲ್ಲಿ ಒಂದೇ ಒಂದು ಅಚ್ಚು ಕೊರೆಸೋಣ. ಯಂತ್ರ ಕೊಳ್ಳುವ ಹಣ ಉಳಿಯುತ್ತದೆ. ಆ ಅಚ್ಚು ಶಾಲೆಯಿಂದ ಶಾಲೆಗೆ ಹೋಗಲಿ, ಪ್ರತಿ ಶಾಲೆ ತನ್ನ ಎರಕವನ್ನು ತಾನೇ ಹೊಯ್ದುಕೊಳ್ಳಲಿ. ವಿಜ್ಞಾನ ಮೇಳದಲ್ಲಿ ಆ ಮಾದರಿ ಇಟ್ಟ ಮಗುವನ್ನು ತೀರ್ಪುಗಾರರು ಏನೇ ಕೇಳಿದರೂ ಅದು ತನ್ನ ಮಾತಿನಲ್ಲೇ ಉತ್ತರ ಹೇಳುತ್ತದೆ.